ಗ್ರೇಟ್ ಆರ್ಮಂಡ್ ಸ್ಟ್ರೀಟ್: ನಾಲಿಗೆಗೆ ಕತ್ತರಿ ಹಾಕುವ ಮೊದಲು

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪಿಕಾಡಿಲಿ ಲೈನಿನ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಲಂಡನ್ನಿನ ರಸೆಲ್ ಸ್ಕ್ವೇರ್ ತಲುಪಬಹುದು. ನಿಲ್ದಾಣ ನೆಲದಡಿ ಬಹಳ ಆಳದಲ್ಲಿದೆ. ಮೇಲೆ ಬರಲು ಲಿಫ್ಟುಂಟು, ಬೇಡವೆನ್ನುವವರಿಗೆ 175 ಮೆಟ್ಟಿಲು. ಹೊರಬಿದ್ದು ಗಿಲ್ಫರ್ಡ್ ಸ್ಟ್ರೀಟ್ ದಾಟಿ, ಕ್ವೀನ್ ಸ್ಕ್ವೇರ್ ಎಂಬ ಉದ್ದನೆಯ ಪುಟ್ಟ ಉದ್ಯಾನದ ಪಕ್ಕದಲ್ಲಿ ನಡೆದರೆ ಹತ್ತು ನಿಮಿಷದೊಳಗೆ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಸಿಗುತ್ತದೆ. ರಸ್ತೆಯ ಹೆಸರೇ ಆಸ್ಪತ್ರೆಗೂ ಹೆಸರು. ಮಕ್ಕಳ ಕಾಯಿಲೆಗಳ ವಿಷಯದಲ್ಲಿ ಬ್ರಿಟನ್ನಿನವರು ಕೊನೆಯ ಮಾತೆಂದು ನಂಬುವ ಆಸ್ಪತ್ರೆ ಇದು.

ರಸ್ತೆ ಅಗಲವೇನಿಲ್ಲ. ಹದಿನೆಂಟನೇ ಶತಮಾನದ ಇಟ್ಟಿಗೆ ಮನೆಗಳು ಅಲ್ಲಲ್ಲಿ ಉಳಿದಿವೆ. ಅವುಗಳ ಎದುರು ಬದುರಿಗೆ ಆಸ್ಪತ್ರೆಯ ಹೊಸ ಗಾಜಿನ ಕಟ್ಟಡಗಳು. ಮಗುವಿನ ತಳ್ಳುಗಾಡಿ ಇಲ್ಲದ ದೊಡ್ಡವರು ಇಲ್ಲಿ ಕಡಿಮೆ. ಮೂಗಿಗೆ ಸಣ್ಣ ಕೊಳವೆ ಅಂಟಿಸಿಕೊಂಡ ಕೂಸು, ತಲೆಗೂದಲು ಉದುರಿದ ಹುಡುಗಿ, ಗಾಲಿಕುರ್ಚಿಯಲ್ಲಿ ಕೂತು ಮೊಬೈಲ್ ಒತ್ತುತ್ತಿರುವ ಹುಡುಗ. ಯಾರನ್ನೂ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ನಾನು ತಿಳಿಯಬೇಕೆಂದು ಬಂದ ಸಂಗತಿಗೆ ಈ ನೋಟದ ವಿಷಯ ಬಹಳ ಮುಖ್ಯವಾದದ್ದು. ಹುಟ್ಟುತ್ತಲೇ ಬಾಯಿಗಿಂತ ದೊಡ್ಡ ನಾಲಿಗೆ ಹೊತ್ತು ಬಂದ ಮಕ್ಕಳ ಅಪ್ಪ ಅಮ್ಮಂದಿರಿಗೆ ಮೊದಲು ಕಾಡುವುದೇ ನೋಡುವವರ ಕಣ್ಣು.

ಅಂಥ ಮಕ್ಕಳನ್ನು ಇಂಗ್ಲೆಂಡಿನ ಮೂಲೆಮೂಲೆಯಿಂದ ಈ ರಸ್ತೆಗೇ ಕರೆತರುತ್ತಾರೆ. ಬೆಕ್‌ವಿತ್–ವೀಡೆಮನ್ ಸಿಂಡ್ರೋಮ್ ಎಂಬ ವಂಶವಾಹಿ ಏರುಪೇರಿನಿಂದ ನಾಲಿಗೆ ದಪ್ಪಗಾದ ಮಕ್ಕಳಿಗಾಗಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪ್ರತ್ಯೇಕ ರಾಷ್ಟ್ರೀಯ ವ್ಯವಸ್ಥೆಯನ್ನೇ ಮಾಡಿಕೊಂಡಿದೆ. ಈ ಸ್ಥಿತಿ ಸುಮಾರು ಹತ್ತು ಸಾವಿರ ಜನನಗಳಲ್ಲಿ ಒಂದರಲ್ಲಿ ಕಾಣುತ್ತದೆ. ಇಷ್ಟು ಅಪರೂಪವಾದ್ದರಿಂದ ಊರೂರಲ್ಲಿ ಒಬ್ಬೊಬ್ಬ ವೈದ್ಯರು ಜೀವಮಾನದಲ್ಲಿ ಒಂದೆರಡು ನಾಲಿಗೆಗೆ ಕೈಹಾಕುವುದಕ್ಕಿಂತ, ಒಂದೇ ಕಡೆ ಒಂದೇ ತಂಡ ಎಲ್ಲರನ್ನೂ ನೋಡುವುದು ಮೇಲು ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಹತ್ತು ಹಾಸಿಗೆಯಿಂದ

ಮುಖ್ಯ ಬಾಗಿಲ ಬಳಿ ಪೀಟರ್ ಪ್ಯಾನ್‌ನ ಕಂಚಿನ ಪ್ರತಿಮೆಯಿದೆ. ಎಂದಿಗೂ ದೊಡ್ಡವನಾಗದ ಹುಡುಗನ ಈ ಕಥೆಯ ಹಕ್ಕನ್ನು ಲೇಖಕ ಜೆ.ಎಂ. ಬ್ಯಾರಿ 1929ರಲ್ಲಿ ಆಸ್ಪತ್ರೆಗೆ ಬರೆದುಕೊಟ್ಟರು. ಕೃತಿಸ್ವಾಮ್ಯದ ಅವಧಿ ಮುಗಿದ ಮೇಲೂ ಬ್ರಿಟನ್ನಿನಲ್ಲಿ ಅದರ ಗೌರವಧನ ಆಸ್ಪತ್ರೆಗೇ ಸಲ್ಲಬೇಕೆಂದು 1988ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು. ಬೆಳೆಯಲೊಲ್ಲದ ಹುಡುಗನ ದುಡ್ಡು ನಾಲಿಗೆ ಮಿತಿಮೀರಿ ಬೆಳೆಯುವ ಮಕ್ಕಳ ನೆರವಿಗೂ ಬರುತ್ತಿದೆ.

ಆಸ್ಪತ್ರೆ ಶುರುವಾದದ್ದು 1852ರ ಫೆಬ್ರುವರಿ 14ರಂದು, ಇದೇ ರಸ್ತೆಯ 49ನೇ ನಂಬರಿನ ಮನೆಯಲ್ಲಿ, ಹತ್ತು ಹಾಸಿಗೆಗಳೊಂದಿಗೆ. ಮಕ್ಕಳಿಗೆಂದೇ ಒಳರೋಗಿ ಹಾಸಿಗೆ ಹಾಕಿದ ಬ್ರಿಟನ್ನಿನ ಮೊದಲ ಆಸ್ಪತ್ರೆ ಅದು. ಕಟ್ಟಿದವರು ಡಾ. ಚಾರ್ಲ್ಸ್ ವೆಸ್ಟ್. 1858ರಲ್ಲಿ ಹಣದ ಮುಗ್ಗಟ್ಟು ಬಂದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಔತಣಕೂಟದಲ್ಲಿ ಮಾತಾಡಿ, ತಮ್ಮ ಕಥೆಯನ್ನು ಸಭೆಯಲ್ಲಿ ಓದಿ, ಹಣ ಕೂಡಿಸಿಕೊಟ್ಟರು.

ಸ್ವಾಗತದ ಕೌಂಟರಿನಾಚೆಗೆ ಮಕ್ಕಳು, ಹೆತ್ತವರು, ಸಿಬ್ಬಂದಿ. ಬರೆಯುವವನಿಗೆ ಅಲ್ಲಿ ಕೆಲಸವಿಲ್ಲ, ಇರಲೂಬಾರದು. ಆ ಬಾಗಿಲಿನ ಹಿಂದೆ ಏನು ನಡೆಯುತ್ತದೆಂಬುದನ್ನು ವೈದ್ಯರು ಪ್ರಕಟಿಸಿರುವ ಬರಹಗಳ ಆಧಾರದಲ್ಲಿ ಹೇಳುತ್ತೇನೆ.

ಮೊದಲ ಪ್ರಶ್ನೆ: ಉಸಿರು

ಬೆಕ್‌ವಿತ್–ವೀಡೆಮನ್ ಇರುವ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ನಾಲಿಗೆ ದೊಡ್ಡದಿರುತ್ತದೆ. ಆದರೆ ಆಪರೇಷನ್ ಆಗುವುದು ಹೆಚ್ಚುಕಡಿಮೆ ಹತ್ತರಲ್ಲಿ ನಾಲ್ಕಕ್ಕೆ. ಉಳಿದ ಮಕ್ಕಳಲ್ಲಿ ಬಾಯಿ, ದವಡೆ ಬೆಳೆಯುತ್ತಾ ಬಂದ ಹಾಗೆ ನಾಲಿಗೆ ತಾನಾಗಿ ಒಳಗೆ ಜಾಗ ಮಾಡಿಕೊಳ್ಳುತ್ತದೆ. ಹಾಗಾಗಿ ಈ ತಂಡದ ದೊಡ್ಡ ಕೆಲಸ ನಡೆಯುವುದು ಆಪರೇಷನ್ ಕೋಣೆಯ ಹೊರಗೆ. ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಬೇಡ ಎಂದು ಆರಿಸುವುದೇ ಆ ಕೆಲಸ.

ಮೊದಲು ಕೇಳುವುದು ಉಸಿರಿನ ಬಗ್ಗೆ. ಅಂಗಾತ ಮಲಗಿದಾಗ ದಪ್ಪ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಮಗು ಗೊರಕೆ ಹೊಡೆಯುತ್ತದೆಯೇ, ನಡುನಡುವೆ ಉಸಿರು ನಿಲ್ಲುತ್ತದೆಯೇ, ರಾತ್ರಿ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆಯೇ ಎಂಬುದನ್ನು ನಿದ್ರೆಯ ಪರೀಕ್ಷೆಯಲ್ಲಿ ಯಂತ್ರ ಹಚ್ಚಿ ಅಳೆಯುತ್ತಾರೆ. ಉಸಿರಾಟ ತೀರಾ ಕಷ್ಟವಾದ ಕೆಲವು ಎಳೆಗೂಸುಗಳಿಗೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡುವ ಪರಿಸ್ಥಿತಿಯೂ ಬರುತ್ತದೆ.

ಎರಡನೆಯದು ಊಟ. ಮೊಲೆ ಕಚ್ಚಲು ನಾಲಿಗೆ ಅಡ್ಡ ಬರುತ್ತದೆಯೇ, ಬಾಟಲಿ ಹಾಲು ಕುಡಿಯಲು ಗಂಟೆಗಟ್ಟಲೆ ಹಿಡಿಯುತ್ತದೆಯೇ, ತೂಕ ಏರುತ್ತಿದೆಯೇ. ಮೂರನೆಯದು ಹಲ್ಲು ಮತ್ತು ದವಡೆ. ಸದಾ ಹಲ್ಲುಗಳ ನಡುವೆ ಕೂತ ನಾಲಿಗೆ ಮುಂದಿನ ಹಲ್ಲುಗಳನ್ನು ಹೊರಗೆ ತಳ್ಳುತ್ತದೆ. ಬಾಯಿ ಮುಚ್ಚಿದರೂ ಮೇಲಿನ ಕೆಳಗಿನ ಹಲ್ಲುಗಳು ಮುಟ್ಟದೆ ಸಂದು ಉಳಿಯುತ್ತದೆ, ಕೆಳದವಡೆ ಮುಂಚಾಚುತ್ತದೆ.

ನಾಲ್ಕನೆಯದು ಮಾತು. ಸರ್ಜನ್ನರಷ್ಟೇ ತೂಕದ ಮಾತು ಇಲ್ಲಿ ವಾಕ್ ಚಿಕಿತ್ಸಕರದ್ದು. ನಾಲಿಗೆಯ ತುದಿ ಹಲ್ಲಿನ ಹಿಂದೆ, ವಸಡಿನ ಮೇಲೆ ತಾಗಿ ಹುಟ್ಟುವ ತ, ದ, ನ, ಲ, ಸ ಧ್ವನಿಗಳನ್ನು ಈ ಮಕ್ಕಳು ನಾಲಿಗೆಯ ಹರವಾದ ಭಾಗವನ್ನು ತುಟಿಗೋ ಹಲ್ಲಿಗೋ ಒತ್ತಿ ಹೊರಡಿಸುತ್ತಾರೆ. ಕಿವಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಕೇಳಬಹುದು, ನೋಡಲು ಬೇರೆಯಾಗಿರುತ್ತದೆ. ಕನ್ನಡದಂಥ ಭಾಷೆಯಲ್ಲಿ ನಾಲಿಗೆ ಮಡಿಸಿ ಮೇಲೆತ್ತಬೇಕಾದ ಟ, ಡ, ಣ, ಳ ಕೂಡ ಇವೆ. ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆಂಬುದನ್ನೂ ಹೆತ್ತವರು ಚಿಕಿತ್ಸಕರಿಗೆ ಹೇಳಬೇಕಾದದ್ದು ಅದಕ್ಕೇ.

ಐದನೆಯದು ಜೊಲ್ಲು, ಒಣಗಿ ಬಿರಿಯುವ ನಾಲಿಗೆಯ ತುದಿ, ಮತ್ತು ನೋಟ. ನೋಟದ ಪ್ರಶ್ನೆಯನ್ನು ಯಾರೂ ತಳ್ಳಿಹಾಕುವುದಿಲ್ಲ. ಶಾಲೆಯಲ್ಲಿ ಅಣಕಿಸಿಕೊಳ್ಳುವ ಮಗುವಿನ ನೋವು ಸಣ್ಣದಲ್ಲ. ಆದರೆ ಅದನ್ನು ಪಟ್ಟಿಯ ಕೊನೆಯಲ್ಲಿಟ್ಟು, ಮಿಕ್ಕವುಗಳ ಜೊತೆ ತೂಗಿ ನೋಡುತ್ತಾರೆ.

ಯಾವ ವಯಸ್ಸಿನಲ್ಲಿ ಮಾಡಬೇಕು? 2018ರಲ್ಲಿ 11 ದೇಶಗಳ ತಜ್ಞರು ಕೂಡಿ ಈ ಸಿಂಡ್ರೋಮಿನ ಬಗ್ಗೆ 72 ಶಿಫಾರಸುಗಳನ್ನು ಹೊರತಂದರು. ಉಸಿರಿಗೆ ಅಪಾಯವಿಲ್ಲದಿದ್ದರೆ ಮೊದಲ ಹುಟ್ಟುಹಬ್ಬ ಕಳೆಯುವ ತನಕ ಕಾಯುವುದು ಒಳ್ಳೆಯದೆಂಬುದು ಅವುಗಳಲ್ಲೊಂದು. ತೀರಾ ಎಳೆಯ ವಯಸ್ಸಿನಲ್ಲಿ ಅರಿವಳಿಕೆಯ ಅಪಾಯ ಹೆಚ್ಚು, ಉಳಿಸಿದ ನಾಲಿಗೆ ಮತ್ತೆ ಬೆಳೆದು ಎರಡನೇ ಆಪರೇಷನ್ ಬೇಕಾಗುವ ಸಂಭವವೂ ಉಂಟು. ಹಾಗೆಂದು ತುಂಬ ತಡಮಾಡಿದರೆ ಮಾತು ತಪ್ಪು ದಾರಿ ಹಿಡಿದು ಗಟ್ಟಿಯಾಗುತ್ತದೆ, ದವಡೆ ಆಕಾರ ಕೆಡುತ್ತದೆ.

ಕತ್ತರಿ ಎಲ್ಲಿ

ಆಪರೇಷನ್ನಿನಲ್ಲಿ ಮೊದಲ ಕಷ್ಟ ಸರ್ಜನ್ನರದ್ದಲ್ಲ, ಅರಿವಳಿಕೆ ತಜ್ಞರದ್ದು. ಬಾಯಿ ತುಂಬಿದ ನಾಲಿಗೆಯನ್ನು ದಾಟಿ ಶ್ವಾಸನಾಳ ಕಾಣಬೇಕು. ಸರ್ಜನ್ನರಿಗೆ ಬಾಯಿ ಬಿಟ್ಟುಕೊಡಬೇಕಾದ್ದರಿಂದ ಉಸಿರಿನ ಕೊಳವೆಯನ್ನು ಮೂಗಿನ ಮೂಲಕ ಇಳಿಸುತ್ತಾರೆ. ಈ ಮಕ್ಕಳಲ್ಲಿ ರಕ್ತದ ಸಕ್ಕರೆ ದಿಢೀರನೆ ಕುಸಿಯುವ ಗುಣವಿರುವುದರಿಂದ, ಉಪವಾಸದ ಹೊತ್ತಿನಲ್ಲಿ ಅದನ್ನೂ ಕಾಯಬೇಕು.

ನಾಲಿಗೆಯೆಂದರೆ ಬಹುಮಟ್ಟಿಗೆ ಸ್ನಾಯು. ಆಕಾರ ಬದಲಿಸುವ ಸ್ನಾಯುಗಳು ನಾಲಿಗೆಯ ಒಳಗೇ ಇವೆ, ಅದನ್ನು ಹಿಡಿದೆಳೆದು ಆಡಿಸುವವು ದವಡೆಗೂ ಗಂಟಲ ಮೂಳೆಗೂ ಕಟ್ಟಿಕೊಂಡಿವೆ. ಈ ಸಿಂಡ್ರೋಮಿನಲ್ಲಿ ಅಲ್ಲಿ ಗೆಡ್ಡೆಯೇನೂ ಇರುವುದಿಲ್ಲ. ಆರೋಗ್ಯವಾದ ಸ್ನಾಯುವೇ ಅಗತ್ಯ ಮೀರಿ ಬೆಳೆದಿರುತ್ತದೆ. ನಾಲಿಗೆಗೆ ರಕ್ತ ತರುವ ಎರಡು ಧಮನಿಗಳೂ, ಅದನ್ನು ಆಡಿಸುವ ಹನ್ನೆರಡನೇ ಕಪಾಲ ನರಗಳೂ ಎಡಬಲಗಳಲ್ಲಿ, ತಳಭಾಗದಲ್ಲಿ ಹರಿಯುತ್ತವೆ. ಸರ್ಜನ್ನರಿಗೆ ಸುರಕ್ಷಿತವಾದ ನೆಲ ನಟ್ಟನಡುವೆ, ಮೇಲುಭಾಗದಲ್ಲಿ.

ಹಳೆಯ ಪದ್ಧತಿಯಲ್ಲಿ ನಾಲಿಗೆಯ ಮುಂಭಾಗದಿಂದ ಇಂಗ್ಲಿಷಿನ ವಿ ಅಕ್ಷರದ ಆಕಾರದ ತುಂಡನ್ನು ತೆಗೆದು, ಎರಡು ಬದಿಯನ್ನು ಕೂಡಿಸಿ ಹೊಲಿಯುತ್ತಾರೆ. ಉದ್ದ ಕಡಿಮೆಯಾಗುತ್ತದೆ, ಆದರೆ ಅಗಲ, ದಪ್ಪ ಹೆಚ್ಚು ಇಳಿಯುವುದಿಲ್ಲ. ಇನ್ನೊಂದು ಕೀಲಿಕಂಡಿಯ ಆಕಾರದ ಪದ್ಧತಿ. ಮುಂದಿನ ತುಂಡಿನ ಜೊತೆಗೆ ನಡುಭಾಗದಿಂದಲೂ ದುಂಡಗಿನ ಭಾಗವನ್ನು ತೆಗೆಯುತ್ತಾರೆ. ಸಡಿಲ ರವಿಕೆಯನ್ನು ದರ್ಜಿ ನಡುವಿನಲ್ಲಿ ಹಿಡಿದು ಹೊಲಿದಂತೆ ಉದ್ದವೂ ಅಗಲವೂ ಒಟ್ಟಿಗೆ ಇಳಿಯುತ್ತವೆ. ಮಾತಿಗೆ ಬೇಕಾದ ತೆಳು ತುದಿಯನ್ನು ಉಳಿಸಿಕೊಂಡು ಹಿಂದಿನಿಂದ ತೆಗೆಯುವ ಮಾರ್ಪಾಡುಗಳೂ ಇವೆ. ಎಷ್ಟು ತೆಗೆಯಬೇಕೆಂಬುದಕ್ಕೆ ಸಿದ್ಧ ಅಳತೆಯಿಲ್ಲ. ಹೊಲಿದಾದ ಮೇಲೆ ನಾಲಿಗೆ ಹಲ್ಲಿನ ಸಾಲಿನ ಹಿಂದೆ ನೆಮ್ಮದಿಯಾಗಿ ಕೂರಬೇಕು, ಆದರೆ ತುಟಿಯನ್ನು ನೆಕ್ಕುವಷ್ಟು ಹೊರಗೂ ಬರಬೇಕು. ಹೆಚ್ಚು ತೆಗೆದರೆ ಮತ್ತೆ ಸೇರಿಸಲಾಗದು.

ಹೊಲಿಗೆಯ ನೂಲು ಕೆಲ ವಾರಗಳಲ್ಲಿ ತಾನೇ ಕರಗುತ್ತದೆ. ಮೊದಲ ಒಂದೆರಡು ದಿನ ನಾಲಿಗೆ ಊದಿಕೊಂಡು, ಆಪರೇಷನ್ನಿಗೆ ಮುಂಚಿಗಿಂತ ದೊಡ್ಡದಾಗಿಯೇ ಕಾಣಬಹುದು. ಇದನ್ನು ಮೊದಲೇ ಹೇಳದಿದ್ದರೆ ತಾಯಿ ಕುಸಿದುಹೋಗುತ್ತಾಳೆ. ಊತದಿಂದ ಉಸಿರು ಕಟ್ಟದಿರಲೆಂದು ಕೆಲವು ಮಕ್ಕಳನ್ನು ಐಸಿಯುವಿನಲ್ಲಿ, ಕೊಳವೆ ತೆಗೆಯದೆ ನಿದ್ರೆಯಲ್ಲೇ ಇಡುತ್ತಾರೆ. ಆಮೇಲೆ ಗುಟುಕು ನೀರು, ಹಾಲು, ನಂತರ ಮೆತ್ತನೆಯ ಆಹಾರ. ರಕ್ತಸ್ರಾವ, ಹೊಲಿಗೆ ಬಿಚ್ಚಿಕೊಳ್ಳುವುದು, ಸೋಂಕು ಇವು ಆಗಬಹುದಾದ ತೊಂದರೆಗಳು. ರುಚಿ ಹೆಚ್ಚಿನಂಶ ಉಳಿಯುತ್ತದೆ. ರುಚಿಯ ಮೊಗ್ಗುಗಳು ನಾಲಿಗೆಯ ಅಂಚು, ಹಿಂಭಾಗಗಳಲ್ಲೂ ಇವೆ.

ಕಾಯುವವರ ಜಾಗ

ಆಪರೇಷನ್ನಿನ ಆ ಗಂಟೆಗಳಲ್ಲಿ ಹೆತ್ತವರು ಎಲ್ಲಿಗೆ ಹೋಗಬೇಕು? ಕಟ್ಟಡದ ನಡುವೆ ಸೇಂಟ್ ಕ್ರಿಸ್ಟೋಫರ್ ಹೆಸರಿನ ಪುಟ್ಟ ಪ್ರಾರ್ಥನಾಲಯವಿದೆ. 1875ರದ್ದು, ವಾಸ್ತುಶಿಲ್ಪಿ ಇ.ಎಂ. ಬ್ಯಾರಿ ರೂಪಿಸಿದ್ದು. ಬಂಗಾರದ ಬಣ್ಣದ ಕುಸುರಿ, ಮೇಲೆ ಗುಮ್ಮಟ. ಹಳೆಯ ಆಸ್ಪತ್ರೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಇದನ್ನು ಒಡೆಯಲು ಮನಸ್ಸು ಬರದೆ, ಅಡಿಗೆ ಕಾಂಕ್ರೀಟ್ ಹಾಸು ಕೊಟ್ಟು, ಇಡೀ ಕಟ್ಟಡವನ್ನೇ ಜಾರಿಸಿ ಹೊಸ ಜಾಗದಲ್ಲಿ ನಿಲ್ಲಿಸಿದರು.

ಇಂಥ ಕಡೆ ಕೂತ ತಾಯಂದಿರ ತಲೆಯಲ್ಲಿ ಸುತ್ತುವ ಪ್ರಶ್ನೆ ಯಾವ ದೇಶದಲ್ಲೂ ಒಂದೇ: ನಾನೇನು ತಪ್ಪು ಮಾಡಿದೆ? ನಮ್ಮ ಕಡೆ ಗ್ರಹಣದ ಹೊತ್ತಿಗೆ ಹೊರಗೆ ಬಂದೆ, ಬಸುರಿಯಾಗಿದ್ದಾಗ ಕತ್ತರಿ ಹಿಡಿದೆ ಎಂದು ಅತ್ತೆಯೋ ನೆರೆಯವರೋ ಹೇಳುತ್ತಾರೆ. ಅದಕ್ಕೆ ಉತ್ತರ ಈ ಕಟ್ಟಡದಿಂದ ಒಂದೆರಡು ರಸ್ತೆ ಆಚೆಗಿದೆ.

ಅಪ್ಪನ ಪ್ರತಿ, ಅಮ್ಮನ ಪ್ರತಿ

ಲ್ಯಾಂಬ್ಸ್ ಕಂಡ್ಯುಯಿಟ್ ಸ್ಟ್ರೀಟಿನ ಅಂಗಡಿ, ಕಾಫಿ ಹೋಟೆಲುಗಳ ಸಾಲು ದಾಟಿ ಮತ್ತೆ ಗಿಲ್ಫರ್ಡ್ ಸ್ಟ್ರೀಟಿಗೆ ಬಂದರೆ ಮಕ್ಕಳ ಅಪರೂಪದ ಕಾಯಿಲೆಗಳ ಸಂಶೋಧನೆಗೆ ಮೀಸಲಾದ ಜಾಯೆದ್ ಕೇಂದ್ರ ಕಾಣುತ್ತದೆ. ಪಾದಚಾರಿ ಮಾರ್ಗದಿಂದಲೇ ಗಾಜಿನ ಮೂಲಕ ಕೆಳಗಿನ ಪ್ರಯೋಗಾಲಯ ಕಾಣುವಂತೆ ಅದನ್ನು ಕಟ್ಟಿದ್ದಾರೆ. ಬಿಳಿ ಕೋಟಿನವರು ಬಗ್ಗಿ ಕೆಲಸ ಮಾಡುತ್ತಿರುತ್ತಾರೆ, ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗೊತ್ತಿ ನೋಡುತ್ತವೆ. ಅದರ ಪಕ್ಕದಲ್ಲೇ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಮಕ್ಕಳ ಆರೋಗ್ಯ ಸಂಸ್ಥೆ.

ಈ ಸಿಂಡ್ರೋಮನ್ನು ಮೊದಲು ಗುರುತಿಸಿದವರು ಅಮೆರಿಕದ ರೋಗಶಾಸ್ತ್ರಜ್ಞ ಬ್ರೂಸ್ ಬೆಕ್‌ವಿತ್, 1963ರಲ್ಲಿ. ಮರುವರ್ಷ ಜರ್ಮನಿಯ ಮಕ್ಕಳ ವೈದ್ಯ ಹ್ಯಾನ್ಸ್–ರುಡಾಲ್ಫ್ ವೀಡೆಮನ್ ಒಂದೇ ಮನೆಯ ಮೂರು ಮಕ್ಕಳಲ್ಲಿ ಹೊಕ್ಕುಳಿನ ಹರ್ನಿಯಾ, ದೊಡ್ಡ ನಾಲಿಗೆ, ಅತಿ ಬೆಳವಣಿಗೆ ಒಟ್ಟಿಗೆ ಇರುವುದನ್ನು ಬರೆದರು. ಕಾರಣ ತಿಳಿಯಲು ಇನ್ನೂ ದಶಕಗಳು ಬೇಕಾದವು. 1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಅವರ ತಂಡ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಇಲಿಗಳ ಮೇಲಿನ ಪ್ರಯೋಗದಿಂದ ಒಂದು ಹೊಸ ಸಂಗತಿ ತೋರಿಸಿದರು. ಅಪ್ಪನಿಂದ ಬಂದ ವಂಶವಾಹಿಗಳೂ ಅಮ್ಮನಿಂದ ಬಂದವೂ ಎಲ್ಲ ಕಡೆ ಸರಿಸಮವಲ್ಲ. ಕೆಲವು ವಂಶವಾಹಿಗಳಲ್ಲಿ ಅಪ್ಪನ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಕೆಲವುಗಳಲ್ಲಿ ಅಮ್ಮನ ಪ್ರತಿ ಮಾತ್ರ. ಮಿಕ್ಕ ಪ್ರತಿಯ ಮೇಲೆ ರಾಸಾಯನಿಕ ಮುದ್ರೆ ಬಿದ್ದು ಅದು ಸುಮ್ಮನಿರುತ್ತದೆ.

ಹನ್ನೊಂದನೇ ವರ್ಣತಂತುವಿನ ಗಿಡ್ಡ ತೋಳಿನ ತುದಿಯಲ್ಲಿ ಇಂಥ ಜೋಡಿಯೊಂದಿದೆ. ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಐಜಿಎಫ್2 ಅಪ್ಪನ ಕಡೆಯದು ಮಾತ್ರ ಕೆಲಸ ಮಾಡುತ್ತದೆ, ಬೆಳವಣಿಗೆಗೆ ತಡೆ ಹಾಕುವ ಸಿಡಿಕೆಎನ್1ಸಿ ಅಮ್ಮನ ಕಡೆಯದು. ಗರ್ಭ ನಿಂತ ಆರಂಭದ ದಿನಗಳಲ್ಲಿ ಈ ಮುದ್ರೆ ಏರುಪೇರಾದರೆ ಕುಮ್ಮಕ್ಕು ಹೆಚ್ಚಾಗುತ್ತದೆ, ಇಲ್ಲವೇ ತಡೆ ಸಡಿಲಾಗುತ್ತದೆ. ಏರುಪೇರು ದೇಹದ ಕೆಲವು ಜೀವಕೋಶಗಳಲ್ಲಿ ಮಾತ್ರ ಇರಬಹುದು. ಒಂದು ಕಾಲು ಇನ್ನೊಂದಕ್ಕಿಂತ ದಪ್ಪಗಿರುವುದು, ನಾಲಿಗೆಯ ಒಂದೇ ಬದಿ ದೊಡ್ಡದಿರುವುದು ಅದರಿಂದಲೇ. ಬಹುಪಾಲು ಕುಟುಂಬಗಳಲ್ಲಿ ಇದು ಹಿಂದೆ ಇದ್ದದ್ದಲ್ಲ, ಆಕಸ್ಮಿಕ. ಅಮ್ಮನ ಊಟ, ಗ್ರಹಣ, ಕತ್ತರಿ ಯಾವುದಕ್ಕೂ ಇದರಲ್ಲಿ ಪಾಲಿಲ್ಲ. ಸ್ವಲ್ಪ ಮಕ್ಕಳಲ್ಲಿ ಮಾತ್ರ ಕಾರಣ ಅಮ್ಮನ ಕಡೆಯಿಂದ ಬರುವ ವಂಶವಾಹಿ ದೋಷ. ಅಂಥ ಮನೆಗಳಲ್ಲಿ ಮುಂದಿನ ಬಸುರಿನಲ್ಲೂ ಮರುಕಳಿಸಬಹುದಾದ್ದರಿಂದ ಪರೀಕ್ಷೆ ಬೇಕು.

ಪರೀಕ್ಷೆಗೆ ಇನ್ನೂ ದೊಡ್ಡ ಕಾರಣವಿದೆ. ಇದೇ ಬೆಳವಣಿಗೆಯ ಕುಮ್ಮಕ್ಕು ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಗೆ, ಪಿತ್ತಜನಕಾಂಗದ ಗೆಡ್ಡೆಗೆ ದಾರಿಮಾಡುತ್ತದೆ. ವಂಶವಾಹಿಯ ಏರುಪೇರು ಯಾವ ಬಗೆಯದೆಂಬುದನ್ನು ಅನುಸರಿಸಿ ಅಪಾಯ ಹೆಚ್ಚು ಕಡಿಮೆಯಾಗುತ್ತದೆ. ಅಪಾಯವಿರುವ ಮಕ್ಕಳಿಗೆ ಏಳು ವರ್ಷ ತುಂಬುವ ತನಕ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಆಗಬೇಕು. ಬೇಗ ಸಿಕ್ಕಿದರೆ ವಿಲ್ಮ್ಸ್ ಗೆಡ್ಡೆ ಗುಣವಾಗುವ ಕಾಯಿಲೆ. ಬರೀ ನಾಲಿಗೆ ಸರಿಮಾಡಿ ಮನೆಗೆ ಕಳಿಸಿ, ಹೊಟ್ಟೆಯನ್ನು ನೋಡದೆ ಬಿಟ್ಟರೆ ಚಿಕಿತ್ಸೆ ಅರ್ಧವೂ ಆಗಿಲ್ಲ.

ಬೇಡದ ಕತ್ತರಿಯ ಪಾಠ

ನಾಲಿಗೆ ಹೊರಗೆ ಚಾಚುವ ಎಲ್ಲ ಮಕ್ಕಳಿಗೂ ಇದೇ ಕಾಯಿಲೆಯಲ್ಲ. ಥೈರಾಯ್ಡ್ ಕೊರತೆಯ ಮಗುವಿಗೆ ಮಾತ್ರೆ ಕೊಟ್ಟರೆ ನಾಲಿಗೆ ಇಳಿಯುತ್ತದೆ. ಹರ್ಲರ್, ಹಂಟರ್ ಮುಂತಾದ ಸಂಗ್ರಹ ಕಾಯಿಲೆಗಳಲ್ಲಿ ಜೀವಕೋಶದಲ್ಲಿ ಕರಗದೆ ಉಳಿದ ವಸ್ತು ತುಂಬಿ ನಾಲಿಗೆ ದಪ್ಪವಾಗುತ್ತದೆ. ಅಲ್ಲಿ ಬೇಕಾದದ್ದು ಕಿಣ್ವದ ಔಷಧ ಅಥವಾ ಅಸ್ಥಿಮಜ್ಜೆಯ ಕಸಿ. ಅರಿವಳಿಕೆ ಆ ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ.

ಡೌನ್ ಸಿಂಡ್ರೋಮಿನ ಕಥೆ ಇವೆಲ್ಲಕ್ಕಿಂತ ಪಾಠ ಕಲಿಸುವಂಥದ್ದು. 1866ರಲ್ಲಿ ಅದನ್ನು ವಿವರಿಸಿದ ಜಾನ್ ಲ್ಯಾಂಗ್ಡನ್ ಡೌನ್ ಇಂಗ್ಲೆಂಡಿನವರೇ. ಈ ಮಕ್ಕಳ ನಾಲಿಗೆ ಬಹುಪಾಲು ನಿಜವಾಗಿ ದೊಡ್ಡದಿರುವುದಿಲ್ಲ. ಮೇಲ್ದವಡೆಯ ಭಾಗ ಚಿಕ್ಕದು, ಸ್ನಾಯು ಸಡಿಲ, ಆದ್ದರಿಂದ ನಾಲಿಗೆ ಹೊರಗೆ ಜಾರುತ್ತದೆ. 1980ರ ದಶಕದಲ್ಲಿ ಜರ್ಮನಿ, ಇಸ್ರೇಲ್ ಮೊದಲಾದ ಕಡೆ ಮುಖವನ್ನು ಎಲ್ಲರಂತೆ ಮಾಡುವ ಉದ್ದೇಶದಿಂದ ಇವರಿಗೂ ನಾಲಿಗೆ ಕಿರಿದು ಮಾಡುವ ಆಪರೇಷನ್ನುಗಳು ನಡೆದವು. ಮಾತು ಸುಧಾರಿಸಿತು ಎಂದು ಹೆತ್ತವರಿಗೆ ಅನ್ನಿಸಿದ್ದುಂಟು. ಆದರೆ 1987ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಪರೇಷನ್ ಆದ, ಆಗದ ಮಕ್ಕಳ ಉಚ್ಚಾರವನ್ನು ಅಳೆದು ನೋಡಿದಾಗ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ಈಗ ಬರೀ ನೋಟಕ್ಕಾಗಿ, ಬರೀ ಮಾತಿಗಾಗಿ ಡೌನ್ ಮಕ್ಕಳ ನಾಲಿಗೆ ಕತ್ತರಿಸುವುದನ್ನು ಹೆಚ್ಚಿನ ಕಡೆ ಬಿಟ್ಟಿದ್ದಾರೆ. ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಮೊದಲು ಟಾನ್ಸಿಲ್, ಅಡಿನಾಯ್ಡ್ ತೆಗೆಯುತ್ತಾರೆ, ಆಮೇಲೆ ಗಾಳಿ ಒತ್ತುವ ಮುಖವಾಡ. 13 ವರ್ಷ ದಾಟಿದ ಕೆಲವು ಡೌನ್ ಮಕ್ಕಳಿಗೆ ನಾಲಿಗೆಯ ನರವನ್ನು ಪ್ರಚೋದಿಸುವ ಯಂತ್ರ ಅಳವಡಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಒಂದೇ ಹೊರನೋಟ, ಬೇರೆ ಬೇರೆ ಕಾರಣ, ಬೇರೆ ಬೇರೆ ಮದ್ದು. ಬೆಕ್‌ವಿತ್–ವೀಡೆಮನ್ ಮಗುವಿಗೆ ಬದುಕನ್ನು ಹಗುರ ಮಾಡುವ ಕತ್ತರಿ ಡೌನ್ ಮಗುವಿಗೆ ಬರೀ ಗಾಯ.

ಕರ್ನಾಟಕದಲ್ಲಿ ಓದುವವರಿಗೆ

ಗಿಲ್ಫರ್ಡ್ ಸ್ಟ್ರೀಟಿನಲ್ಲೇ ಕೊರಮ್ಸ್ ಫೀಲ್ಡ್ಸ್ ಎಂಬ ಮಕ್ಕಳ ಆಟದ ಬಯಲಿದೆ. ಮಗು ಜೊತೆಗಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ. ಗೇಟಿನ ಹೊರಗೇ ನಿಂತು, ನಮ್ಮ ಊರಿನ ಹೆತ್ತವರಿಗೆ ಇದೆಲ್ಲದರಿಂದ ಏನು ಉಪಯೋಗ ಎಂದು ಯೋಚಿಸಿದೆ. ಲಂಡನ್ನಿಗೆ ಹೋಗಬೇಕಾದ್ದಿಲ್ಲ, ಇಲ್ಲಿನ ಕ್ರಮವನ್ನು ತಿಳಿದರೆ ಸಾಕು.

ಹುಟ್ಟಿದ ಕೂಸಿನ ನಾಲಿಗೆ ದೊಡ್ಡದಾಗಿ ಕಂಡರೆ ಮೊದಲ ದಿನಗಳಲ್ಲೇ ರಕ್ತದ ಸಕ್ಕರೆ ಪರೀಕ್ಷಿಸಿ ಎಂದು ಕೇಳಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಹೊಕ್ಕುಳು ಉಬ್ಬಿದೆಯೇ, ಕಿವಿಯ ಹಾಲೆಯಲ್ಲಿ ಗೆರೆಗಳಿವೆಯೇ, ಕೈಕಾಲುಗಳಲ್ಲಿ ಒಂದು ಬದಿ ದಪ್ಪವಿದೆಯೇ ಎಂದು ನೋಡಿ ವೈದ್ಯರಿಗೆ ಹೇಳಿ. ಬೇರೆ ಲಕ್ಷಣವಿಲ್ಲದೆ ನಾಲಿಗೆಯೊಂದೇ ದೊಡ್ಡದಿದ್ದರೂ, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ವಂಶವಾಹಿ ಪರೀಕ್ಷೆ ಮಾಡಿಸಬೇಕೆನ್ನುತ್ತದೆ 2018ರ ಶಿಫಾರಸು. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಮಾನವ ವಂಶವಾಹಿ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಾಗಿವೆ. ಮಾತಿನ ವಿಷಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಹಳ್ಳಿಯಲ್ಲಿರುವವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಯಾರಾದರೂ ಆಪರೇಷನ್ ಮಾಡಿಸಿಬಿಡಿ ಎಂದರೆ ನಾಲ್ಕು ಪ್ರಶ್ನೆ ಕೇಳಿ. ಕಾಯಿಲೆಯ ಹೆಸರೇನು? ನಿದ್ರೆಯಲ್ಲಿ ಉಸಿರನ್ನು ಅಳೆದಿದ್ದೀರಾ? ವಾಕ್ ಚಿಕಿತ್ಸಕರು ನೋಡಿದ್ದಾರೆಯೇ? ಮಕ್ಕಳ ಅರಿವಳಿಕೆ ತಜ್ಞರೂ ಮಕ್ಕಳ ಐಸಿಯುವೂ ಅಲ್ಲಿದೆಯೇ? ನಾಲ್ಕಕ್ಕೂ ನೇರ ಉತ್ತರ ಸಿಗುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಉತ್ತರ ಸಿಕ್ಕಿ, ಆಪರೇಷನ್ ಬೇಕೇ ಬೇಕೆಂದು ತಂಡ ಹೇಳಿದರೆ ಹೆದರಿ ಮುಂದೂಡಲೂ ಬೇಡಿ.